ಗೋಡೆಯ ಮೇಲಿನ ಹೆಡ್ ಮಿಸ್

೧೧ ಫೆಬ್ರವರಿ, ಮಂಗಳವಾರ

ಪ್ರೀತಿಯ ಮಗಳಿಗೆ,

ನಾವು ಚೆನ್ನಾಗಿದ್ದೇವೆ. ನಿನ್ನ ಕೆಮ್ಮು ವಾಸಿಯಾಯಿತೇ? ನಿನ್ನ ಕಾರ್ಡು ಬಂದು ಹದಿನೈದು ದಿನವಾದರೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ‘ನನ್ನ ಗೆಳತಿಯ ಫೋಟೋ ಪ್ರದರ್ಶನ, ಒಂದರಲ್ಲಿ ನಾನೂ ಇದ್ದೇನೆ, ನೋಡಿ ಬಾ’ ಎಂದಷ್ಟೇ ಬರೆದಿದ್ದೆ ನೀನು. ಪೇಪರ್ ತಿದ್ದುವ ನೆಪದಲ್ಲಿ ಮುಂದೂಡುತ್ತಾ ಬಂದೆ. ಕೊನೆಯ ದಿನ, ಮೊನ್ನೆ ಭಾನುವಾರ, ನಮ್ಮ ಶಾಲೆಯ ಡ್ರಾಯಿಂಗ್ ಟೀಚರ್ ಜೊತೆ ಲೈಬ್ರರಿಯ ಮಹಡಿಗೆ ಹೋದೆ.

ಮನೆಯಲ್ಲಿ ಯಾರಿಗೆ ಹೆದರುತ್ತೀರೋ ಅವರ ವೇಷ ಹಾಕಿ ಬನ್ನಿ ಎಂದು ನಿನ್ನ ಗೆಳತಿ ಫೋಟೋಗೆ ನಿಲ್ಲುವ ಎಲ್ಲರಿಗೂ ಹೇಳಿದ್ದಳಂತೆ. ಬಾಗಿಲಲ್ಲೇ ಇದ್ದ ಫೋಟೋದಲ್ಲಿ ನಮ್ಮ ಬೀದಿಯ ಕಟಿಂಗ್ ಶಾಪಿನವನು ಹೆಂಡತಿಯ ನೈಟಿ ತೊಟ್ಟು ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಮೂಲೆ ತಿರುಗಿದರೆ ಗೋಡೆಯ ಮೇಲೆ ನಾನು. ಅಲ್ಲ, ನನ್ನ ವೇಷದಲ್ಲಿ ನೀನು. ನನ್ನ ಬೂದು ಕೋಟು, ಮೂಗಿನ ತುದಿಗೆ ಕನ್ನಡಕ, ಎತ್ತಿದ ಕೈಯಲ್ಲಿ ಮರದ ಸ್ಕೇಲು. ಎದುರಿನ ಬೆಂಚಿನಲ್ಲಿ ಕಣ್ಣು ಬಾಯಿ ಬರೆದ ಆರು ದಿಂಬುಗಳು ಶಿಸ್ತಾಗಿ ಕೂತಿದ್ದವು. ಜನ ನಗುತ್ತಿದ್ದರು.

“ಹೆಡ್ ಮಿಸ್, ಥೇಟ್ ನೀವೇ” ಎಂದರು ಡ್ರಾಯಿಂಗ್ ಟೀಚರ್.

ನಗಲು ನೋಡಿದೆ, ಆಗಲಿಲ್ಲ. ಕೋಟು, ಕನ್ನಡಕ ಯಾರು ಬೇಕಾದರೂ ಹಾಕಬಹುದು. ಆದರೆ ಸ್ಕೇಲು ಹಿಡಿದ ನಿನ್ನ ಕೈಯ ಹೆಬ್ಬೆರಳು ಒಳಗೆ ಮಡಚಿತ್ತು; ಹೊಡೆಯುವ ಮುಂಚೆ ಹಾಗೆ ಮಡಚಿಕೊಳ್ಳುವುದು ನನ್ನ ರೀತಿ. ಅದು ಏಟು ತಿಂದವರಿಗಷ್ಟೇ ಗೊತ್ತು.

ನಿನ್ನ ಗೆಳತಿ ನನ್ನ ಮುಖ ನೋಡಿ ಪಕ್ಕಕ್ಕೆ ಕರೆದಳು. “ಆಂಟಿ, ತೆಗೆದುಬಿಡ್ಲಾ? ಇದು ಬೇಡ ಕಣೇ ಅಂದೆ. ಅವಳೇ ಹಟ ಮಾಡಿದ್ಲು.”

“ಏನಂತ?”

ತಡವರಿಸಿದಳು. “ಅಮ್ಮ ನೋಡ್ಲಿ ಅಂತ.”

“ಅಮ್ಮ ನೋಡಿದ್ಲು. ಇರ್ಲಿ ಬಿಡು” ಎಂದೆ.

ಪ್ರದರ್ಶನ ಮುಚ್ಚುವವರೆಗೂ ಆ ಫೋಟೋದ ಪಕ್ಕದ ಕುರ್ಚಿಯಲ್ಲೇ ಕೂತೆ. ಬಂದವರು ಫೋಟೋ ನೋಡಿ, ನನ್ನನ್ನು ನೋಡಿ ಮತ್ತೆ ನಕ್ಕರು. ಎದ್ದು ಹೋಗಬಾರದು ಅನ್ನಿಸಿತು.

ನಿನ್ನ ಮೇಲೆ ಕೋಪವಿಲ್ಲ. ಅವತ್ತೆಲ್ಲ ಇತ್ತು, ಸುಳ್ಳೇಕೆ ಹೇಳಲಿ. ಹೊತ್ತುಹೊತ್ತಿಗೆ ಊಟ ಮಾಡು. ಯಾರಿಗೂ ಹೆದರದೆ ಬಾಳುವಂತಾಗಲಿ ನೀನು.

ಇಂತಿ,
ನಿನ್ನ ಅಮ್ಮ

ತಾ.ಕ.: ನಿನ್ನ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದಾಗ ನಿನಗೆ ಎಂಟು ವರ್ಷ. ‘ಮೆಟ್ಟಿಲಿಂದ ಬಿದ್ದೆ’ ಎಂದು ಡಾಕ್ಟರಿಗೂ ಅಪ್ಪನಿಗೂ ನಿನ್ನ ಬಾಯಲ್ಲೇ ಹೇಳಿಸಿದ್ದೆ. ಇವತ್ತು ಬೆಳಿಗ್ಗೆ ಅಪ್ಪನಿಗೆ ನಿಜ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ನಿನ್ನೂರಿನ ಬಸ್ಸು ಹತ್ತಿದ್ದಾರೆ. ಈ ಕಾಗದಕ್ಕಿಂತ ಮುಂಚೆ ನಿನ್ನ ಬಾಗಿಲಿಗೆ ಬಂದಿರುತ್ತಾರೆ. ನಾನೂ ಬರಬಹುದೇ ಎಂಬುದನ್ನು ಅವರ ಕೈಲಿ ಹೇಳಿ ಕಳಿಸು.