ಗಾಳದ ಕೋಲಿಗೆ ತಾಗಿದ ಕೈ

ರಿವಿಯೇರ್ ನ್ವಾರ್, ಮಾರಿಷಸ್
ಶುಕ್ರವಾರ

ಅಕ್ಕಾ, ಮೊದಲಿಗೆ, ನಾನು ಸಮುದ್ರಕ್ಕೆ ಬಿದ್ದಿಲ್ಲ. ನಿನ್ನೆ ಕ್ಲಬ್ಬಿನ ಮೀನು ಹಿಡಿಯುವ ಪಂದ್ಯದಲ್ಲಿ, ನಮ್ಮ ದೋಣಿಯನ್ನು ಬಾಡಿಗೆಗೆ ಹಿಡಿದಿದ್ದ ಮದಾಂ ಡೆಲೋರ್ಮ್ ಅವರ ಗಾಳಕ್ಕೆ ನಮ್ಮ ಮನೆ ಬಾಗಿಲಿಗಿಂತ ಉದ್ದದ ಮಾರ್ಲಿನ್ ಮೀನು ಬಿತ್ತು. ಇಂಥದ್ದೊಂದು ಮೀನಿಗೆ ಒಂಬತ್ತು ವರ್ಷ ಕಾದಿದ್ದರಂತೆ. ಅಷ್ಟರಲ್ಲಿ ಅವರ ಕಾಲು ಜಾರಿತು, ನೀರಿಗೆ ಬಿದ್ದೇಬಿಡುತ್ತಾರೆಂದು ನಾನು ಹೆದರಿ ಅವರ ಕೋಲು ಹಿಡಿದುಬಿಟ್ಟೆ. ಬೇರೆಯವರ ಕೈ ತಾಗಿದರೆ ಆ ಮೀನು ಪಂದ್ಯದ ಲೆಕ್ಕಕ್ಕಿಲ್ಲ. ನನ್ನ ಕೈ ತಾಗಿದ್ದು ನಮ್ಮಿಬ್ಬರಿಗೇ ಗೊತ್ತಿತ್ತು. ದಡದಲ್ಲಿ ಮೀನು ತೂಗುವವನು ಬೇರೆಯವರ ಕೈ ತಾಗಿತೇ ಎಂದು ಕೇಳಿದಾಗ, ಮದಾಂ ಬಾಯಿ ತೆರೆಯುವ ಮೊದಲೇ ನಾನು, "ನನ್ನ ಕೈ ತಾಗಿತು" ಎಂದುಬಿಟ್ಟೆ.

"ಕೈಯೂ ಸುಮ್ನಿರಲ್ಲ, ಬಾಯೂ ಸುಮ್ನಿರಲ್ಲ, ನಿನ್ನ ಏನ್ ಮಾಡ್ಲೋ" ಎಂದ ನಮ್ಮ ದೋಣಿಯ ಕ್ಯಾಪ್ಟನ್ ಜೋಸ್ಲಿನ್.

"ಬಿಡು ಜೋಸ್ಲಿನ್, ಇವನು ಹಿಡೀದಿದ್ರೆ ಈ ತಕ್ಕಡೀಲಿ ನನ್ನನ್ನ ತೂಗ್ತಿದ್ರಿ" ಎಂದರು ಮದಾಂ.

ಅಂಗೈ ಸುಲಿದಿದೆ, ಅಷ್ಟೆ. ನಾಳೆ ಬೆಳಿಗ್ಗೆ ಐದಕ್ಕೆ ಬಾ ಎಂದಿದ್ದಾನೆ ಕ್ಯಾಪ್ಟನ್. ಕೆಲಸಕ್ಕೋ, ಬಿಡಿಸಿ ಕಳಿಸುವುದಕ್ಕೋ ಹೇಳಲಿಲ್ಲ. ಕಳಿಸಿದರೆ ಮಂಗಳವಾರದ ಹಡಗಿಗೆ ನಮ್ಮ ರೊಡ್ರಿಗ್ಸ್ ದ್ವೀಪಕ್ಕೆ, ಮನೆಗೆ ಬರುತ್ತೇನೆ. ಅಮ್ಮನಿಗೆ ಈಗಲೇ ಓದಿ ಹೇಳಬೇಡ.

ನಿನ್ನ ತಮ್ಮ ಕ್ಲೆಮಾನ್