ಮಾತಾಡುತ್ತ ಓಡಬೇಕಂತೆ

ಸೆಪ್ಟೆಂಬರ್ 14, ಮಂಗಳವಾರ

ರಾತ್ರಿ ಒಂಬತ್ತು ಗಂಟೆ. ಸೌನಾದ ಬಿಸಿ ಹಬೆಯಲ್ಲಿ ಕೂತು ಬಂದರೂ ಮೊಣಕಾಲ ನೋವು ಇಳಿದಿಲ್ಲ.

ಇವತ್ತೂ ಹೊಸಬರ ಗುಂಪಿನ ಜೊತೆ ಕಾಡಿನೊಳಗೆ, ಮರದ ಹೊಟ್ಟು ಹಾಸಿದ ದಾರಿಯಲ್ಲಿ ಓಡಿದೆ. ಓಟ ಕಲಿಸುವ ಹಿಲ್ಕಾಳದು ಒಂದೇ ನಿಯಮ: ಮಾತಾಡಲಾಗದಷ್ಟು ಜೋರಾಗಿ ಓಡಬಾರದು. ನಾವೋ ಫಿನ್‌ಲ್ಯಾಂಡಿನವರು, ಬಾಯಿ ಮುಚ್ಚಿಕೊಂಡೇ ಓಡುತ್ತೇವೆ. ಯಾರಿಗೆ ದಮ್ಮು ಉಳಿದಿದೆ ಎಂದು ಪಾಪ ಅವಳಿಗೆ ತಿಳಿಯುವುದು ಹೇಗೆ?

"ಐರಾ, ಏನಾದ್ರೂ ಮಾತಾಡೇ! ಇಲ್ಲಾಂದ್ರೆ ಓಟ ನಿಲ್ಲಿಸಿ ನಡೆಸ್ತೀನಿ ನೋಡು."

"ಅವಳು ಕೂತಾಗ್ಲೂ ಮಾತಾಡಲ್ಲ, ಬಿಡು," ಎಂದ ಪಕ್ಕದ ಮನೆಯ ಟೌನೊ.

ಏನು ಹೇಳಲಿ? "ಚಳಿಗಾಲದಲ್ಲಿ ನಮ್ಮ ಓಸ್ಮೊ ಇದೇ ದಾರೀಲಿ ಸ್ಕೀ ಮಾಡ್ತಿದ್ದ," ಎಂದುಬಿಟ್ಟೆ. ಮಾರ್ಚ್‌ನಲ್ಲಿ ಗಂಡನನ್ನು ಮಣ್ಣು ಮಾಡಿದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅಳು ಬರಲಿಲ್ಲ. ಏದುಸಿರಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

"ಇಳಿಜಾರು ಬಂದ್ರೆ ಬೀಳ್ತಾನೂ ಇದ್ದ!" ಎಂದ ಟೌನೊ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ದಾರಿಯುದ್ದಕ್ಕೂ ಓಸ್ಮೊನ ಮಾತೇ. ಒಬ್ಬರೂ ನನ್ನನ್ನು ಬಿಟ್ಟು ಮುಂದೆ ಓಡಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ನಾಳೆ ಓಟವಿಲ್ಲ. ಟೌನೊ ಕಾಫಿಗೆ ಬರುತ್ತಾನೆ.