ಸೂರ್ಯಪ್ಪ ನನಗಾಗಿ ಕಾದ ಊರು

ಅತ್ತೆಮ್ಮನವರ ಪಾದಕ್ಕೆ ನಿಮ್ಮ ಸೊಸೆ ಚೆನ್ನಮ್ಮ ಅಡ್ಡಬಿದ್ದು ಬರೆಯುವ ಕಾಗದ.

ನೀವು ಇದ್ದಾಗ ನಿಮಗೆ ಬಂದ ಕಾಗದಗಳನ್ನು ನಾನೇ ಓದಿ ಹೇಳುತ್ತಿದ್ದೆ. ನಡುನಡುವೆ "ಅದ್ಯಾಕಮ್ಮಿ ನುಂಗ್ತೀಯಾ, ಇರಾದ್ನ ಇದ್ದಂಗೆ ಓದು" ಎಂದು ಗದರುತ್ತಿದ್ದಿರಿ. ಈಗ ನೀವಿರುವ ಕಡೆ ಓದಿ ಹೇಳುವವರು ಯಾರೋ, ಇಲ್ಲ ಅಲ್ಲಿಗೆ ಹೋದವರಿಗೆಲ್ಲ ಅಕ್ಷರ ತಾನಾಗಿ ಬಂದುಬಿಡುತ್ತದೋ. ಹೇಗೋ ನಿಮಗೆ ಮುಟ್ಟಲಿ. ನಾಳೆಯಿಂದ ಧನುರ್ಮಾಸ. ನಿಮ್ಮ ಹಿತ್ತಾಳೆ ತಪ್ಪಲೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ ಬಂದು ಕೂತಿದ್ದೇನೆ. ಇಂಥ ದಿನ ನಿಮಗೆ ಹೇಳದೆ ಇನ್ನು ಯಾರಿಗೆ ಹೇಳಲಿ?

ನಾನು ಮದುವೆಯಾಗಿ ಅಲ್ಲಾಳಸಂದ್ರಕ್ಕೆ ಬಂದ ವರ್ಷದ ಧನುರ್ಮಾಸ ನಿಮಗೆ ನೆನಪಿದೆಯಾ? ನಾನು ಎದ್ದು ಕಣ್ಣುಜ್ಜಿಕೊಂಡು ಬರುವ ಹೊತ್ತಿಗೆ ನೀವು ತಣ್ಣೀರು ಹೊಯ್ದುಕೊಂಡು, ಹುಗ್ಗಿ ಬೇಯಿಸಿ, ತಿಮ್ಮಪ್ಪನಿಗೆ ಎಡೆಯಿಟ್ಟು, ಆಗಲೇ ಹೊಸ್ತಿಲ ಒಳಗೆ ನಿಂತಿದ್ದಿರಿ. ಯಲಹಂಕಕ್ಕೆ ಸೈಕಲ್ಲಿನಲ್ಲಿ ಹಾಲು ಒಯ್ಯುವವರು, ಕೆರೆ ಕಡೆ ಹೊರಟವರು, ಎಲ್ಲರೂ ಹೊರಗೆ ನಿಂತು ಮುತ್ತುಗದ ಎಲೆ ಒಡ್ಡುತ್ತಿದ್ದರು. ತಿಮ್ಮಪ್ಪನ ಹುಗ್ಗಿ ಬಿಸಿಲು ಬೀಳುವ ಮುಂಚೆ ಹೊಸ್ತಿಲು ದಾಟಬೇಕು, ಮನೆಯವರಲ್ಲದವರು ಒಬ್ಬರಾದರೂ ಹೊರಗೆ ನಿಂತು ಕೈಯೊಡ್ಡಿ ತಗೊಳ್ಳಬೇಕು, ಆಮೇಲೆಯೇ ಮನೆಯವರ ಬಾಯಿಗೆ. ಅದು ನಿಮ್ಮ ಕಟ್ಟು. ತಲೆ ಕೆದರಿಕೊಂಡು ಬಂದ ನನ್ನನ್ನು ನೀವು ತಿರುಗಿಯೂ ನೋಡಲಿಲ್ಲ. ಬೀದಿಗೆ ಕೇಳುವ ಹಾಗೆ ಅಂದಿರಿ, "ಸೂರ್ಯಪ್ಪ ಏನು ನಿಮ್ಮಪ್ಪನ ಮನೆ ಆಳಾ ಕಣಮ್ಮಿ, ನೀ ಏಳಗಂಟ ಕಾಯ್ಕೊಂಡ್ ಕೂರಕ್ಕೆ?" ಹುಗ್ಗಿ ಬಾಯಲ್ಲಿಟ್ಟುಕೊಂಡಿದ್ದವರೆಲ್ಲ ನಕ್ಕರು. ನಾನು ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ. ಆವತ್ತಿನಿಂದ ಒಂದು ದಿನವೂ ನಿಮಗಿಂತ ತಡವಾಗಿ ಏಳಲಿಲ್ಲ. ಅದನ್ನು ನೀವು ನೋಡಿದ್ದಿರಿ ಅಲ್ಲವಾ? ನೋಡಿಯೂ ಒಂದು ಮಾತು...

ಹೋಗಲಿ. ನೀವು ಹಾಸಿಗೆ ಹಿಡಿದಾಗಿನ ಮಾತು ಮಾತ್ರ ನನಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ತಪ್ಪಲೆ ತರಿಸಿ ನನ್ನ ಮಡಿಲಿಗೆ ಇಟ್ಟಿರಿ. ಒಳ್ಳೆಯದು ಹೇಳುತ್ತೀರಿ ಅಂತ ಬಗ್ಗಿದೆ. "ನಿನ್ ಕಾಲ್ದಾಗೇ ನಿಂತೋಯ್ತದೆ ಕಣಮ್ಮಿ ಇದು" ಎಂದು ಗೋಡೆ ಕಡೆ ಮಗ್ಗುಲಾದಿರಿ. ಪಕ್ಕದಲ್ಲಿ ನಮ್ಮ ಸುಜಾತ ನಿಂತಿದ್ದಳು. ನೀವು ಅಷ್ಟು ಮುದ್ದಿನಿಂದ ಸಾಕಿದ ಮೊಮ್ಮಗಳು, ಹುಗ್ಗಿಗೆ ಏಳು ಅಂದರೆ ಕಂಬಳಿ ಮುಸುಕು ಬಿಗಿ ಮಾಡುತ್ತಿದ್ದವಳು. ಅವಳನ್ನು ನೋಡಿಯೇ ಆ ಮಾತು ಬಂತೇನೋ.

ಹೋದ ವರ್ಷ ಆ ಮಾತು ನಿಜವಾಗಿಬಿಡುತ್ತದೆ ಅಂದುಕೊಂಡೆ. ಸುಜಾತನ ಗಂಡನನ್ನು ಕಾರ್ಖಾನೆಯವರು ಎರಡು ವರ್ಷ ಕೆಲಸ ಕಲಿಯಲು ಇಂಗ್ಲೆಂಡಿಗೆ ಕಳಿಸಿದ್ದರು. ಅವಳು ಅಲ್ಲೇ ಹೆತ್ತಳು, ಹೆಣ್ಣುಮಗು. ಬಾಣಂತನಕ್ಕೆ ನಾನು ವಿಮಾನ ಹತ್ತಿ ಹೋದೆ ಅಂದರೆ ನೀವು ನಂಬುತ್ತೀರಾ? ಹಸುಗಳನ್ನು ನೋಡಿಕೊಳ್ಳಲು ನಿಮ್ಮ ಮಗ ಇಲ್ಲೇ ಉಳಿದರು. ದೀಪ ಹಚ್ಚುತ್ತೇನೆ, ಹುಗ್ಗಿ ಮಾತ್ರ ನನ್ನ ಕೈಲಾಗದು ಎಂದು ಕೈ ಎತ್ತಿದರು. ತಪ್ಪಲೆ ಭಾರ ಅಂತ ಬಿಟ್ಟು, ಅದರ ಸೌಟನ್ನು ಸೀರೆಗಳ ಮಧ್ಯೆ ಸುತ್ತಿ ಒಯ್ದೆ. ಮಗಳ ಮನೆಯಲ್ಲಿ ಧನುರ್ಮಾಸ ಸಲೀಸಾಗಿ ಶುರುವಾಯಿತು. ಪಕ್ಕದ ಮನೆಯಲ್ಲಿ ಒಬ್ಬ ಗುಜರಾತಿ ಅಮ್ಮ ಇದ್ದರು. ಬೆಳಿಗ್ಗೆ ಆರಕ್ಕೆಲ್ಲ ಬಂದು ಬಾಗಿಲ ಹೊರಗೆ ನಿಂತು, ಹುಗ್ಗಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ನಾನು ಮಗುವಿನ ಎಣ್ಣೆನೀರಿಗೆ ತೊಡಗುತ್ತಿದ್ದೆ.

ಆಗ ಅಳಿಯಂದಿರು ಕ್ರಿಸ್ಮಸ್ ರಜಕ್ಕೆ ಲಿಂಕನ್ ಎಂಬ ಊರಿಗೆ ಮೂರು ದಿನ ಹೋಗೋಣ ಎಂದರು. ಹಳೇ ಕಾಲದ ಊರು, ಗುಡ್ಡದ ಮೇಲೆ ದೊಡ್ಡ ಚರ್ಚು. ಹೆತ್ತ ಮೇಲೆ ಸುಜಾತ ಹೊಸ್ತಿಲಾಚೆ ಸರಿಯಾಗಿ ಕಾಲಿಟ್ಟಿರಲಿಲ್ಲ, ಅವಳ ಮುಖ ಅರಳಿದ್ದು ನೋಡಿ ನನಗೆ ಬೇಡ ಎನ್ನಲಾಗಲಿಲ್ಲ. ಹುಗ್ಗಿಯ ಮಾತೆತ್ತಿದೆ. ಅಳಿಯಂದಿರು ನಕ್ಕರು. "ಅತ್ತೆ, ನಾವಿಳ್ಕೊಳೋ ಮನೇಲಿ ಬಾಡಿಗೆಗೆ ರೂಮು ಕೊಡ್ತಾರೆ, ಒಲೆ ಕೊಡಲ್ಲ. ಬೀದೀಲಿ ಹೋಗೋರನ್ನ ಕರ್ದು ಹುಗ್ಗಿ ಕೊಟ್ರೆ ಪೊಲೀಸ್ನೋರು ಬರ್ತಾರೆ ಅಷ್ಟೆ. ಮೂರು ದಿನ ತಾನೆ, ತಿಮ್ಮಪ್ಪ ಅಡ್ಜಸ್ಟ್ ಮಾಡ್ಕೋತಾನೆ."

"ತಿಮ್ಮಪ್ಪ ಮಾಡ್ಕೋತಾನಪ್ಪ," ಎಂದೆ. "ನಮ್ಮತ್ತೆ ಮಾಡ್ಕೊಳಲ್ಲ."

ರೈಲಿನ ಕಿಟಕಿಯಿಂದಲೇ ಆ ಚರ್ಚು ಕಂಡಿತು. ಮಂಜಿಲ್ಲದ ಬೆಳಿಗ್ಗೆ ನಮ್ಮ ಕೆರೆ ಏರಿ ಮೇಲಿಂದ ನಂದಿಬೆಟ್ಟ ಕಾಣುತ್ತದಲ್ಲ, ಹಾಗೆ, ಊರಿನ ನೆತ್ತಿಯ ಮೇಲೆ ತಾನೇ ತಾನಾಗಿ. ಕೆಳಗಿನಿಂದ ಅಲ್ಲಿಗೆ ಹತ್ತುವ ಕಲ್ಲುಹಾಸಿನ ಬೀದಿ ಎಷ್ಟು ಕಡಿದು ಅಂದರೆ ಶಿವಗಂಗೆ ಹತ್ತಿದವಳಿಗೂ ಏದುಸಿರು ಬಂತು. ಗುಡ್ಡದ ಮೇಲೆ, ಚರ್ಚಿನ ಹತ್ತಿರದ ಓಣಿಯಲ್ಲಿ ನಮ್ಮ ಬಿಡಾರ. ಮನೆಯೊಡತಿ ನನ್ನ ಓರಗೆಯವಳೇ, ಗಂಡ ಇಲ್ಲ, ಮಾತು ಬಿರುಸು. ರೂಮಿನಲ್ಲಿ ಒಲೆ ಇರಲಿಲ್ಲ ನಿಜ, ಆದರೆ ಟೀಗೆ ನೀರು ಕಾಯಿಸುವ ಕರೆಂಟಿನ ಜಗ್ಗು ಇತ್ತು. ಸೌದೆ ಹಸಿಯಾಗಿ ಹೊಗೆಯಾಡಿದರೆ ನೀವು ಹುಗ್ಗಿಗೆ ಒಂದು ಕುದಿ ಬರಿಸಿ, ತಪ್ಪಲೆಯನ್ನು ಕಂಬಳಿಯಲ್ಲಿ ಬಿಗಿದು ಇಡುತ್ತಿದ್ದಿರಲ್ಲ, ತಾನೇ ಬೇಯಲಿ ಅಂತ? ನನಗೆ ಅದೇ ಹೊಳೆಯಿತು. ಹೊಸ ಫ್ಲಾಸ್ಕು ತಂದಿದ್ದೆವು, ಅಗಲ ಬಾಯಿಯದು. ರಾತ್ರಿ ನೆನೆಹಾಕಿದ ಅಕ್ಕಿ, ಹುರಿದ ಹೆಸರುಬೇಳೆಯನ್ನು ಅದರೊಳಗೆ ಸುರಿದು, ಕುದಿಯುವ ನೀರು ಹೊಯ್ದು, ಶಾಲು ಸುತ್ತಿಟ್ಟೆ. ಬೆಂದಿತು, ಅತ್ತೆಮ್ಮ. ಮೆಣಸು, ಜೀರಿಗೆ, ತುಪ್ಪ ಬಿದ್ದ ಮೇಲೆ ನಿಮ್ಮ ಹುಗ್ಗಿಯ ಘಮವೇ.

ಮೊದಲ ಬೆಳಿಗ್ಗೆ ನಾಲ್ಕಕ್ಕೇ ಎದ್ದು, ಮಿಂದು, ಕಿಟಕಿ ಕಟ್ಟೆಯ ಮೇಲೆ ತಿಮ್ಮಪ್ಪನ ಪಟ ಇಟ್ಟು ಎಡೆ ಮಾಡಿ, ಆರು ಹೊಡೆಯುವಾಗ ಹುಗ್ಗಿ ತುಂಬಿದ ಡಬ್ಬಿ, ಸೌಟು, ಕಾಗದದ ತಟ್ಟೆ ಹಿಡಿದು ಕೆಳಗಿಳಿದೆ. ಬೀದಿಬಾಗಿಲು ತೆಗೆದು ಹೊಸ್ತಿಲ ಒಳಗೆ ನಿಂತೆ. ಸೀರೆಯ ಮೇಲೆ ಅಳಿಯಂದಿರ ಕೋಟು, ಕಾಲಿಗೆ ಉಲ್ಲನ್ ಚೀಲ. ಹೊರಗೆ ಕಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಹಿಮ. ಬ್ಯಾಟರಿ ಗಾಡಿಯಲ್ಲಿ ಹಾಲಿನವನೊಬ್ಬ ಬಂದು ಸೀಸೆಗಳನ್ನಿಟ್ಟ. ನಾನು ತಟ್ಟೆ ಚಾಚಿದೆ. ಟೋಪಿ ಮುಟ್ಟಿಕೊಂಡು ಏನೋ ಹೇಳಿ, ತಲೆಯಾಡಿಸಿ ಹೊರಟುಹೋದ. ಅವನನ್ನು ಬೈಯಲಾಗುತ್ತದಾ? ನಸುಕಿನಲ್ಲಿ ನಮ್ಮ ಬೀದಿಯಲ್ಲಿ ಯಾವಳೋ ಬಿಳಿ ಹೆಂಗಸು ನಿಂತು ಏನೋ ಚಾಚಿದರೆ ನಾನು ತಗೋತಿದ್ದೆನಾ? ಆಮೇಲೆ ಒಂದು ನರಪಿಳ್ಳೆಯೂ ಬರಲಿಲ್ಲ. ಇನ್ನೇನು ಬೆಳಕು ಹರಿಯುತ್ತದೆ, ಇನ್ನೇನು ಮುಗಿಯಿತು ಎಂದು ಪೂರ್ವದ ಕಡೆ ನೋಡುವುದು, ಬೀದಿ ನೋಡುವುದು. "ನಿಂತೋಯ್ತದೆ ಕಣಮ್ಮಿ" ಎಂಬ ಮಾತು ಕಿವಿಯಲ್ಲಿ.

ಅಷ್ಟರಲ್ಲಿ ಮನೆಯೊಡತಿ ರಾತ್ರಿಯ ಅಂಗಿಯಲ್ಲೇ ಇಳಿದು ಬಂದಳು. ಬಾಗಿಲು ತೆರೆದಿಟ್ಟು ಮನೆಯನ್ನೆಲ್ಲ ಕೊರೆಯುವ ಹಾಗೆ ಮಾಡಿದ್ದೀಯ ಎಂಬುದು ಭಾಷೆ ಬರದಿದ್ದರೂ ತಿಳಿಯಿತು. ಗಲಾಟೆಗೆ ಸುಜಾತ ಮಗು ಎತ್ತಿಕೊಂಡು ಬಂದಳು, ಸಂಗತಿಯನ್ನೆಲ್ಲ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ಕೇಳಿಸಿಕೊಂಡು, ಅಷ್ಟೇ ತಾನೆ ಎನ್ನುವಂತೆ ತಟ್ಟೆಗೆ ಕೈ ನೀಡಿದಳು. ನಾನು ತಟ್ಟೆ ಹಿಂದಕ್ಕೆಳೆದುಕೊಂಡೆ.

"ಆಕೆ ಹೊಸ್ತಿಲ ಒಳಗವಳೆ, ಸುಜಿ."

"ಅಮ್ಮಾ, ಇದು ಅವರದೇ ಮನೆ. ಹೊರಗಿನವಳು ನೀನು. ಸುಮ್ನೆ ಕೊಟ್ಬಿಡು, ನನ್ ಮಾನ ತೆಗೀಬೇಡ."

ಅವಳು ಹೇಳಿದ್ದು ಸುಳ್ಳಲ್ಲ. ಹೊಸ್ತಿಲು ಆಕೆಯದು, ಹುಗ್ಗಿ ನಮ್ಮದು. ಆದರೂ ನನ್ನ ಕೈ ಮುಂದೆ ಹೋಗಲಿಲ್ಲ. ನೀವಾಗಿದ್ದರೆ ಕೊಡುತ್ತಿದ್ದಿರಾ? ಸುಜಾತ ತಲೆ ತಗ್ಗಿಸಿಕೊಂಡು ಅದನ್ನೂ ಆಕೆಗೆ ಹೇಳಿದಳು. ಮನೆಯೊಡತಿ ನನ್ನ ಮುಖ ನೋಡಿದಳು, ಕೆಳಗೆ ಹೊಸ್ತಿಲು ನೋಡಿದಳು. ಗೂಟದ ಮೇಲಿನ ಕೋಟು ಹೆಗಲಿಗೆ ಹಾಕಿಕೊಂಡು, ನನ್ನನ್ನು ಸವರಿಕೊಂಡು ಹೊರಗೆ ಹೋದಳು. ಮನೆಯೊಳಗಿನ ತೆಳು ಚಪ್ಪಲಿಯಲ್ಲೇ ಆ ಹಿಮದ ಮೇಲೆ ನಿಂತು, ತನ್ನ ಮನೆಯ ಕಡೆಗೇ ತಿರುಗಿ, ಎರಡೂ ಕೈ ಒಡ್ಡಿದಳು.

ಅತ್ತೆಮ್ಮ, ಹಾಗೆ ಯಾರು ಮಾಡುತ್ತಾರೆ ಹೇಳಿ?

ತುಂಬು ಸೌಟು ಬಡಿಸಿದೆ. ಮೆಣಸು ಸಿಕ್ಕಿ ಕೆಮ್ಮಿದಳು, ಕಣ್ಣೀರು ಒರೆಸಿಕೊಂಡು ಮತ್ತೆ ತಟ್ಟೆ ಒಡ್ಡಿದಳು. ಮೇಲೆ ನೋಡಿದರೆ ಇನ್ನೂ ಚುಕ್ಕಿ ಇವೆ. ಬೆಳಕಾಗಿಬಿಟ್ಟಿತು ಅಂತ ನಾನು ಒಂದು ಗಂಟೆಯಿಂದ ನಡುಗುತ್ತಿದ್ದರೆ, ಆ ದೇಶದ ಚಳಿಗಾಲದಲ್ಲಿ ಸೂರ್ಯ ಹುಟ್ಟುವುದು ಎಂಟು ದಾಟಿದ ಮೇಲಂತೆ! ಮಗಳ ಮನೆಯಲ್ಲಿ ಆರಕ್ಕೇ ಎಲ್ಲ ಮುಗಿಸಿ ಒಳಗೆ ಸೇರುತ್ತಿದ್ದವಳು ಹೊರಗೆ ನೋಡಿದ್ದೇ ಯಾವಾಗ? ನಾವು ಮೂವರೂ ಅಲ್ಲೇ ನಿಂತು ಮಾತಾಡಿ, ಮಗುವನ್ನು ಆಡಿಸಿ, ಎಷ್ಟೋ ಹೊತ್ತಿನ ಮೇಲೆ ಚರ್ಚಿನ ಗೋಪುರದ ಹಿಂದೆ ಕೆಂಪಾಯಿತು. ಸೂರ್ಯಪ್ಪ ನಮ್ಮಪ್ಪನ ಮನೆ ಆಳಲ್ಲ, ಒಪ್ಪಿದೆ. ಆದರೆ ಆವತ್ತು ನನಗಾಗಿ ಕಾದ.

ಅದೇ ದಿನ ಚರ್ಚಿನೊಳಗೆ ಹೋದೆವು. ಆ ಕಂಬಗಳ ಎತ್ತರ ನೋಡಿದರೆ ತಲೆಯ ಸೆರಗು ಜಾರಬೇಕು. ನನ್ನ ಕಣ್ಣು ಮಾತ್ರ ಬಾಗಿಲ ಕೆಳಗಿನ ಕಲ್ಲಿನ ಮೇಲೆ. ನಡುವೆ ಬೋಗುಣಿಯ ಹಾಗೆ ಸವೆದುಹೋಗಿದೆ. ಎಷ್ಟು ತಲೆಮಾರು ದಾಟಿದ್ದಾರೋ, ಎಂತೆಂಥ ಕಷ್ಟ ಹೊತ್ತುಕೊಂಡು ಬಂದಿದ್ದಾರೋ. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒಳಗೆ ಕೂತು ಗೋವಿಂದ ಅಂದೆ. ತಪ್ಪೇ? ನನಗೆ ಅನ್ನಿಸಲಿಲ್ಲ.

ಎರಡನೆಯ ಬೆಳಿಗ್ಗೆ ಮನೆಯೊಡತಿಯೇ ಬಾಗಿಲು ತಟ್ಟಿ, ಕೈಹಿಡಿದು ಅಡುಗೆಮನೆಗೆ ಕರೆದೊಯ್ದಳು. ಒಲೆಯ ಮೇಲೆ ಹೊಸಾ ಪಾತ್ರೆ ಇಟ್ಟಿದ್ದಳು. ಬಾಗಿಲು ತೆಗೆದರೆ ಹೊರಗೆ ಜನ. ಆಕೆಯ ಜೊತೆ ಚರ್ಚಿಗೆ ಹೋಗುವ ಇಬ್ಬರು ಹೆಂಗಸರು, ಹಿಮಕ್ಕೆ ಬೀದಿಯಲ್ಲಿ ಮರಳೆರಚುವ ಒಬ್ಬ ಆಳು, ಹಿಂದಿನ ದಿನದ ಆ ಹಾಲಿನವನು, ಟೋಪಿ ಕೈಯಲ್ಲಿ. ಅಳಿಯಂದಿರು ತಾವಾಗಿ ಬಂದು ತಟ್ಟೆ ಹಿಡಿದು ನಿಂತರು. ಪೊಲೀಸ್ನೋರು ಎಲ್ಲಪ್ಪಾ ಎಂದು ಕೇಳಿದೆ. "ಬಂದ್ರೆ ಅವರಿಗೂ ಒಂದ್ ತಟ್ಟೆ ಇಡಿ ಅತ್ತೆ," ಎಂದರು.

ಮೂರನೆಯ ಬೆಳಿಗ್ಗೆಯದು ನಿಮಗೇ ಅಂತ ಕೊನೆಗೆ ಇಟ್ಟುಕೊಂಡಿದ್ದೇನೆ. ನಾನು ಎದ್ದಾಗ ಪಕ್ಕದ ಹಾಸಿಗೆ ಖಾಲಿ. ಕೆಳಗೆ ದೀಪ. ಹೋಗಿ ನೋಡಿದರೆ ಸುಜಾತ ಮಿಂದು, ಒದ್ದೆ ಕೂದಲಿಗೆ ಟವೆಲು ಸುತ್ತಿ, ನಿಮ್ಮ ಸೌಟು ಹಿಡಿದು ಒಲೆ ಮುಂದೆ ನಿಂತಿದ್ದಾಳೆ. ನಾನು ಎಬ್ಬಿಸಿರಲಿಲ್ಲ, ಹೇಳಿಯೂ ಇರಲಿಲ್ಲ. ತಿರುಗಿ ನೋಡಿ, "ಮೆಣಸು ಎಷ್ಟಮ್ಮ ಹಾಕೋದು?" ಎಂದಳು. ಅವಳ ಅಂಗೈ ತೆಗೆದುಕೊಂಡು ಇಷ್ಟು ಎಂದು ಸುರಿದು ತೋರಿಸಿದೆ. ಅವಳೇ ಎಡೆಯಿಟ್ಟಳು, ಅವಳೇ ಹೊಸ್ತಿಲ ಒಳಗೆ ನಿಂತಳು. ನಾನು ಏನು ಮಾಡಿದೆ ಗೊತ್ತಾ? ಅವಳನ್ನು ದಾಟಿಕೊಂಡು ಬೀದಿಗಿಳಿದೆ. ಮದುವೆ ಮಾಡಿ ಕೊಟ್ಟ ಮಗಳ ಮನೆಗೆ ತಾಯಿ ಹೊರಗಿನವಳೇ ತಾನೆ? ಮನೆಯೊಡತಿಯ ಪಕ್ಕ, ಆ ಹಿಮದ ಮೇಲೆ ನಿಂತು ಎರಡೂ ಕೈ ಒಡ್ಡಿದೆ. ನನ್ನ ಮಗಳು ನನಗೆ ಮೊದಲು ಬಡಿಸಿದಳು.

ನಿಂತಿಲ್ಲ, ಅತ್ತೆಮ್ಮ. ನನ್ನ ಕಾಲದಲ್ಲಿ ನಿಂತಿಲ್ಲ, ಇನ್ನು ನಿಲ್ಲುವ ಲಕ್ಷಣವೂ ಇಲ್ಲ.

ಮಗಳು, ಅಳಿಯಂದಿರು, ಮಗು ಹೋದ ತಿಂಗಳು ವಾಪಸು ಬಂದರು. ಆರ್.ಟಿ. ನಗರದಲ್ಲಿ ಬಾಡಿಗೆ ಮನೆ. ಬಂದ ವಾರವೇ ಸುಜಾತ ಪಕ್ಕದ ಮನೆಯ ಸಾಬರ ಹೆಂಗಸನ್ನು ಕೇಳಿ ಒಪ್ಪಿಸಿದ್ದಾಳೆ. ಆಕೆ ನಮಾಜಿಗೆ ನಸುಕಿಗೇ ಏಳುತ್ತಾಳಂತೆ, ಮುಗಿಸಿಕೊಂಡು ಹುಗ್ಗಿಗೆ ಬರುತ್ತೇನೆ ಅಂದಿದ್ದಾಳೆ. ಸಂಜೆ ಬಸ್ಸಿಗೆ ನಾನೂ ಹೊರಡುತ್ತಿದ್ದೇನೆ. ಬಿಸಿಲಲ್ಲಿ ಹೊಳೆಯುತ್ತಿದೆಯಲ್ಲ, ಆ ತಪ್ಪಲೆ ನನ್ನ ಜೊತೆ ಬರುತ್ತದೆ. ಅವಳ ಮಡಿಲಿಗಿಡುತ್ತೇನೆ. ಆಗ ನೀವು ನನಗೆ ಆಡಿದ ಮಾತನ್ನು ನಾನು ಅವಳಿಗೆ ಆಡುವುದಿಲ್ಲ, ಇದು ನಿಮ್ಮ ಪಾದದಾಣೆ. ನಿನ್ನ ಕೈಯಲ್ಲಿ ಚೆನ್ನಾಗಿ ನಡೆಯುತ್ತೆ ಮಗಳೇ ಎನ್ನುತ್ತೇನೆ, ಗೋಡೆ ಕಡೆ ತಿರುಗದೆ, ಅವಳ ಮುಖ ನೋಡಿಕೊಂಡು.

ಇನ್ನು ಸಾಕು. ನಾಳೆ ಬೇಗ ಏಳಬೇಕು. ಇಲ್ಲಿ ಸೂರ್ಯಪ್ಪ ಯಾರಿಗೂ ಕಾಯುವುದಿಲ್ಲ.